ಹಳೆಯ ಎಕ್ಸ್-ರೇ ಬಿಸಾಡಬೇಡಿ

ಮಗುವಿಗೆ ಮೊದಲ ಸಲ ನ್ಯುಮೋನಿಯಾ ಬಂದಾಗ ಹೊಳೆನರಸೀಪುರದಲ್ಲಿ ತೋರಿಸಿರುತ್ತೀರಿ. ಎರಡನೆಯ ಸಲ ಅಜ್ಜಿ ಮನೆಯಲ್ಲಿದ್ದಾಗ ಬಂತೆಂದು ಚನ್ನರಾಯಪಟ್ಟಣದಲ್ಲಿ, ಮೂರನೆಯ ಸಲ ಹಾಸನದಲ್ಲಿ. ಮೂರೂ ಕಡೆ ಔಷಧಿ ಸರಿಯಾಗಿಯೇ ಕೊಟ್ಟಿರುತ್ತಾರೆ, ಜ್ವರವೂ ಇಳಿದಿರುತ್ತದೆ. ಆದರೆ ಮೂರು ಎಕ್ಸ್-ರೇಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇರುವುದಿಲ್ಲ.

ಶ್ವಾಸಕೋಶದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸೋಂಕಾದರೆ, ಅಲ್ಲಿನ ಶ್ವಾಸನಾಳಕ್ಕೆ ಏನಾದರೂ ಅಡ್ಡ ಕೂತಿದೆಯೇ ಎಂದು ಹುಡುಕಬೇಕು. ಪುಟ್ಟ ಮಕ್ಕಳಲ್ಲಿ ಅದು ಜಾರಿಹೋದ ಕಡಲೆಕಾಯಿ ಬೀಜ ಇರಬಹುದು. ಟಿ.ಬಿ. ಗಂಟು ಇರಬಹುದು. ದೊಡ್ಡ ಮಕ್ಕಳಲ್ಲಿ, ಬಲು ಅಪರೂಪಕ್ಕೆ, ಕಾರ್ಸಿನಾಯ್ಡ್ ಎಂಬ ಗಡ್ಡೆ. ಒಂದೇ ಬದಿಯಲ್ಲಿ ಕೇಳುವ, ಇನ್ಹೇಲರ್ ಪಂಪಿಗೂ ಬಗ್ಗದ ಉಬ್ಬಸ ಇಂಥ ಅಡ್ಡಿಯ ಇನ್ನೊಂದು ಸುಳಿವು. ಕಫದಲ್ಲಿ ರಕ್ತ ಮತ್ತೊಂದು.

ಕಾರ್ಸಿನಾಯ್ಡ್ ಕ್ಯಾನ್ಸರಿನ ಗುಂಪಿಗೆ ಸೇರಿದ್ದೇ. ಆದರೆ ನಿಧಾನವಾಗಿ ಬೆಳೆಯುವಂಥದ್ದು. ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವ ಮನೆಯವರಿಗೆ, ಎಲೆ ಒಣಗಿಸುವ ನಮ್ಮ ಬ್ಯಾರನ್ನಿನ ಹೊಗೆಯಿಂದಲೇ ಹೀಗಾಯಿತೇನೋ ಎಂಬ ಸಂಕಟ ಹುಟ್ಟಬಹುದು. ಹೊಗೆ ಮಕ್ಕಳ ಎದೆಗೆ ಒಳ್ಳೆಯದಲ್ಲ, ನಿಜ. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಕಾರ್ಸಿನಾಯ್ಡಿಗೂ ತಂಬಾಕಿಗೂ ಗಟ್ಟಿ ನಂಟು ಕಂಡುಬಂದಿಲ್ಲ. ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಎಕ್ಸ್-ರೇ ಮತ್ತು ಕಫದ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಅನುಮಾನ ಉಳಿದರೆ ಸಿ.ಟಿ. ಸ್ಕ್ಯಾನ್ ಬೇಕು. ಆಮೇಲೆ ಬ್ರಾಂಕೋಸ್ಕೋಪಿ: ತೆಳ್ಳನೆಯ ಕೊಳವೆ ಇಳಿಸಿ ಶ್ವಾಸನಾಳದ ಒಳಗೆ ನೋಡುವುದು. ಕಾರ್ಸಿನಾಯ್ಡ್ ಗಡ್ಡೆಯಲ್ಲಿ ರಕ್ತನಾಳಗಳು ದಟ್ಟವಾಗಿರುವುದರಿಂದ ಬಯಾಪ್ಸಿ ತೆಗೆಯುವಾಗ ರಕ್ತ ಜಾಸ್ತಿ ಹೋಗಬಹುದು. ಅದನ್ನು ನಿಭಾಯಿಸಬಲ್ಲ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಿ. ಹಾಸನದ ದೊಡ್ಡಾಸ್ಪತ್ರೆ ಹಿಮ್ಸ್‌ನಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಟ್ಟರೆ ತಡಮಾಡದೆ ಹೊರಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು ಜೊತೆಗಿರಲಿ.

ಮುಖ್ಯ ಚಿಕಿತ್ಸೆ ಆಪರೇಷನ್. ಗಡ್ಡೆಯಿರುವ ಭಾಗವನ್ನು, ಜೊತೆಗೆ ಹತ್ತಿರದ ದುಗ್ಧಗ್ರಂಥಿಗಳನ್ನು ತೆಗೆಯುತ್ತಾರೆ. ಗಡ್ಡೆಯ ಜಾಗ ಅನುಕೂಲವಾಗಿದ್ದರೆ ಶ್ವಾಸನಾಳದ ಆ ತುಂಡನ್ನಷ್ಟೇ ಕತ್ತರಿಸಿ, ಎರಡು ತುದಿಗಳನ್ನು ಹೊಲಿದು, ಶ್ವಾಸಕೋಶವನ್ನು ಉಳಿಸಿಕೊಳ್ಳುವುದೂ ಉಂಟು. ಕೀಮೋ, ರೇಡಿಯೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸಾಧು ಬಗೆಯದಾದರೆ ಐದು ವರ್ಷದ ನಂತರವೂ ನೂರರಲ್ಲಿ 90ಕ್ಕೂ ಹೆಚ್ಚು ಮಂದಿ ಬದುಕಿರುತ್ತಾರೆ. ಇನ್ನೊಂದು ಬಗೆ ಇದಕ್ಕಿಂತ ಒರಟು, ಮರುಕಳಿಸುವುದು ಹೆಚ್ಚು. ಯಾವ ಬಗೆಯೆಂದು ಪೆಥಾಲಜಿ ವರದಿ ಹೇಳುತ್ತದೆ. ಎರಡರಲ್ಲೂ ಹಲವು ವರ್ಷ ತಪಾಸಣೆಗೆ ಹೋಗುತ್ತಿರಬೇಕು, ಏಕೆಂದರೆ ಇದು ತಡವಾಗಿಯೂ ಮರಳಬಹುದು.

ಹಳೆಯ ಎಕ್ಸ್-ರೇಗಳನ್ನೆಲ್ಲ ಒಂದೇ ಚೀಲದಲ್ಲಿಡಿ. ಮುಂದಿನ ಸಲ ಡಾಕ್ಟರ ಮುಂದೆ ಅವನ್ನು ಹರಡಿ, "ಎಲ್ಲದರಲ್ಲೂ ಸೋಂಕು ಒಂದೇ ಜಾಗದಲ್ಲಿದೆಯಾ, ನೋಡಿ ಸಾರ್" ಎಂದು ಕೇಳಿ.