ಪ್ರವಾಸಕ್ಕೆ ಕಾಲದ ಆಯ್ಕೆ: ವಿಶಾಖಪಟ್ಟಣ ಮತ್ತು ವಿಜಯವಾಡ

ಒಂದೇ ರಾಜ್ಯದಲ್ಲಿದ್ದರೂ ಈ ಎರಡು ನಗರಗಳ ಹವೆ ಒಂದೇ ಬಗೆಯದಲ್ಲ. ಕೃಷ್ಣಾ ತೀರದ ವಿಜಯವಾಡ ಕಡಲಿನಿಂದ ಒಳಗಿರುವುದರಿಂದ ಮೇ ತಿಂಗಳಲ್ಲಿ ಅಲ್ಲಿನ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ವಿಶಾಖಪಟ್ಟಣದಲ್ಲಿ ಕಡಲಗಾಳಿ ಬಿಸಿಲನ್ನು ತಗ್ಗಿಸುತ್ತದೆಯಾದರೂ ತೇವಾಂಶದಿಂದ ಬೆವರು ಆರದೆ ಸೆಕೆ ಬಾಧಿಸುತ್ತದೆ.

ಮಳೆಗಾಲದಲ್ಲಿ ನೆರೆಯ ಭಯವಿದೆ. 2024ರ ಸೆಪ್ಟೆಂಬರ್ ಆರಂಭದಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಹಲವು ಬಡಾವಣೆಗಳು ಜಲಾವೃತವಾದವು. ಅಕ್ಟೋಬರ್‌ನಿಂದ ಡಿಸೆಂಬರ್ ಆರಂಭದವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳೇಳುತ್ತವೆ. 2014ರ ಅಕ್ಟೋಬರ್ 12ರಂದು ‘ಹುದ್‌ಹುದ್’ ವಿಶಾಖಪಟ್ಟಣಕ್ಕೇ ಅಪ್ಪಳಿಸಿತು.

ಆದ್ದರಿಂದ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಅವಧಿಯು ಎರಡೂ ನಗರಗಳ ಸಂದರ್ಶನಕ್ಕೆ ಅನುಕೂಲಕರ. ಆಗ ಅರಕು ಕಣಿವೆಗೆ ಹೋಗುವವರು ಉಣ್ಣೆಯ ಉಡುಪು ಒಯ್ಯಬೇಕು. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ತಪ್ಪದೆ ಗಮನಿಸತಕ್ಕದ್ದು. ಚಂಡಮಾರುತದ ಎಚ್ಚರಿಕೆಯಿದ್ದಲ್ಲಿ ಪ್ರಯಾಣವನ್ನು ಮುಂದೂಡುವುದೇ ವಿವೇಕ.