ಜಿಮ್ ಹಾಕುವ ಮುನ್ನ ಒಂದು ಹಾಳೆ ಲೆಕ್ಕ

ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಬೆಳೆಗಾರರ ಮನೆಗಳಲ್ಲಿ ಹೊಸ ಉದ್ಯೋಗದ ಮಾತು ಏಳುವುದು ಸಹಜ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಮಾರಾಟವಾದದ್ದೂ, 2025ರಲ್ಲಿ ಅದೇ ಕೊಬ್ಬರಿ ಕ್ವಿಂಟಲಿಗೆ 20,000 ರೂಪಾಯಿ ದಾಟಿದ್ದೂ ನಮ್ಮೆಲ್ಲರ ನೆನಪಿನಲ್ಲಿದೆ. ಇಂತಹ ಏರಿಳಿತ ಕಂಡ ಮನೆಯ ಮಕ್ಕಳು, ತೋಟದ ಜೊತೆಗೆ ತಿಂಗಳು ತಿಂಗಳು ಹಣ ಬರುವ ಇನ್ನೊಂದು ದಾರಿ ಬೇಕೆಂದರೆ ತಪ್ಪೇನಿಲ್ಲ. ಅಂತಹ ದಾರಿಗಳಲ್ಲಿ ಜಿಮ್ ಒಂದು. ಹಿಂದೆ ಗರಡಿ ಮನೆಗೆ ಮಟ್ಟಿ, ಗದೆ, ಕಲ್ಲುಗುಂಡು ಇದ್ದರೆ ಸಾಕಾಗಿತ್ತು. ಇಂದಿನ ಜಿಮ್‌ಗೆ ಯಂತ್ರ, ಬಾಡಿಗೆ, ವಿದ್ಯುತ್ತು, ತರಬೇತುದಾರ ಎಲ್ಲವೂ ಬೇಕು. ಆದುದರಿಂದ ಹೊನ್ನವಳ್ಳಿಯಂತಹ ಹೋಬಳಿ ಊರಿನಲ್ಲಿ ಜಿಮ್ ಹಾಕಿದರೆ ಎಷ್ಟು ಜನ ಸೇರಿದಾಗ ಖರ್ಚು ಸರಿದೂಗುತ್ತದೆ ಎಂಬುದನ್ನು ಹಣ ಹಾಕುವ ಮುನ್ನವೇ ತಿಳಿಯತಕ್ಕದ್ದು. ಈ ಪಾಠದ ಉದ್ದೇಶ ಇಷ್ಟೇ.

ಮೊದಲು ತೋಟದ ಲೆಕ್ಕ

ತೋಟದಲ್ಲಿ ಎರಡು ಬಗೆಯ ಖರ್ಚುಗಳಿವೆ. ಬೇಲಿ, ಮೋಟಾರು ರಿಪೇರಿ, ಉಳುಮೆ ಇವು ಕಾಯಿ ಹೆಚ್ಚು ಬಿಡಲಿ, ಕಡಿಮೆ ಬಿಡಲಿ, ಬಂದೇ ಬರುತ್ತವೆ. ಇವು ಸ್ಥಿರ ಖರ್ಚು. ಸುಲಿಯುವ ಕೂಲಿ, ಚೀಲ, ಸಾಗಣೆ ಇವು ಕಾಯಿಯ ಸಂಖ್ಯೆಗೆ ತಕ್ಕಂತೆ ಏರಿಳಿಯುತ್ತವೆ. ಇವು ಬದಲಾಗುವ ಖರ್ಚು. ಒಂದು ಕಾಯಿಯ ಬೆಲೆಯಲ್ಲಿ ಅದರದೇ ಬದಲಾಗುವ ಖರ್ಚನ್ನು ಕಳೆದರೆ ಉಳಿಯುವುದು ತಲಾ ಉಳಿಕೆ. ವರ್ಷದ ಸ್ಥಿರ ಖರ್ಚನ್ನು ಈ ತಲಾ ಉಳಿಕೆಯಿಂದ ಭಾಗಿಸಿದರೆ, ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು ಎಷ್ಟು ಕಾಯಿ ಬೇಕೆಂಬುದು ಗೊತ್ತಾಗುತ್ತದೆ. ವ್ಯಾಪಾರಸ್ಥರು ಇದನ್ನೇ ಬ್ರೇಕ್ ಈವನ್ ಎನ್ನುತ್ತಾರೆ. ನಾವು ಸರಿದೂಗುವ ಸಂಖ್ಯೆ ಎನ್ನೋಣ. ಜಿಮ್‌ನಲ್ಲಿ ಕಾಯಿಯ ಜಾಗಕ್ಕೆ ಶುಲ್ಕ ಕೊಡುವ ಸದಸ್ಯ ಬರುತ್ತಾನೆ, ಅಷ್ಟೇ ವ್ಯತ್ಯಾಸ.

ಲೆಕ್ಕದ ಹಾಳೆ

ಕಾಗದದ ಮೇಲೆಯೂ ಈ ಲೆಕ್ಕ ಆಗುತ್ತದೆ. ಆದರೆ ಬಾಡಿಗೆ ಬದಲಾದರೆ ಕಾಗದದಲ್ಲಿ ಎಲ್ಲವನ್ನೂ ಮತ್ತೆ ಬರೆಯಬೇಕು. ಈ ತೊಂದರೆಯನ್ನು ತಪ್ಪಿಸಲೆಂದೇ 1979ರಲ್ಲಿ ಅಮೆರಿಕದಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬವರು ವಿಸಿಕ್ಯಾಲ್ಕ್ ಎಂಬ ಗಣಕದ ಲೆಕ್ಕದ ಹಾಳೆಯನ್ನು ಹೊರತಂದರು. ಇಂದಿನ ಎಕ್ಸೆಲ್, ಗೂಗಲ್ ಶೀಟ್ಸ್ ಇವೆಲ್ಲ ಅದೇ ಜಾತಿಯವು. ಮನೆಯ ಮೊಬೈಲಿನಲ್ಲೇ ಇವು ನಡೆಯುತ್ತವೆ. ಒಂದು ಚೌಕದ ಅಂಕಿ ಬದಲಿಸಿದರೆ ಅದನ್ನು ಅವಲಂಬಿಸಿದ ಎಲ್ಲ ಚೌಕಗಳೂ ತಾವಾಗಿ ಬದಲಾಗುತ್ತವೆ.

ಮೊದಲ ಅಂಕಣ ‘ಎ’ಯಲ್ಲಿ ಬಾಬಿನ ಹೆಸರು, ಎರಡನೆಯ ಅಂಕಣ ‘ಬಿ’ಯಲ್ಲಿ ಅಂಕಿ ಬರೆಯಿರಿ. ಅಂಕಣದ ಅಕ್ಷರಗಳನ್ನೂ ‘ಸಮ್’ ಎಂಬ ಆಜ್ಞೆಯನ್ನೂ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಕೆಳಗಿನ ಮೊತ್ತಗಳು ಪಾಠಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ಅಂಕಿಗಳನ್ನು ನೀವೇ ವಿಚಾರಿಸಿ ಹಾಕಿಕೊಳ್ಳಬೇಕು.

ಬಿ1 – ತಿಂಗಳ ಶುಲ್ಕ: 700
ಬಿ2 – ಒಬ್ಬ ಸದಸ್ಯನಿಗೆ ತಗಲುವ ಖರ್ಚು: 100
ಬಿ3 – ಬಾಡಿಗೆ: 12,000
ಬಿ4 – ತರಬೇತುದಾರನ ಸಂಬಳ: 15,000
ಬಿ5 – ವಿದ್ಯುತ್ತು: 3,000
ಬಿ6 – ಶುಚಿ, ರಿಪೇರಿ, ಇತರೆ: 4,000
ಬಿ7 – ಯಂತ್ರಗಳ ಸವಕಳಿ: 10,000
ಬಿ8 – ಮಾಲೀಕನ ಕೂಲಿ: 16,000
ಬಿ9 – ಒಟ್ಟು ಸ್ಥಿರ ಖರ್ಚು: =ಸಮ್(ಬಿ3:ಬಿ8)
ಬಿ10 – ತಲಾ ಉಳಿಕೆ: =ಬಿ1-ಬಿ2
ಬಿ11 – ಸರಿದೂಗುವ ಸಂಖ್ಯೆ: =ಬಿ9/ಬಿ10

ಬಿ9ರಲ್ಲಿ 60,000, ಬಿ10ರಲ್ಲಿ 600, ಬಿ11ರಲ್ಲಿ 100 ಬರುತ್ತದೆ. ಅಂದರೆ ಪ್ರತಿ ತಿಂಗಳೂ 100 ಜನ ಶುಲ್ಕ ಕೊಟ್ಟರೆ ಮಾತ್ರ ಈ ಜಿಮ್ ಸರಿದೂಗುತ್ತದೆ. ಉತ್ತರದಲ್ಲಿ ದಶಾಂಶ ಬಂದರೆ ಮೇಲಿನ ಪೂರ್ಣ ಸಂಖ್ಯೆಯನ್ನು ತೆಗೆದುಕೊಳ್ಳಿ. ಅರ್ಧ ಸದಸ್ಯನಿಲ್ಲ.

ಮರೆಯುವ ಎರಡು ಸಾಲುಗಳು

ಏಳನೆಯ ಮತ್ತು ಎಂಟನೆಯ ಸಾಲುಗಳನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಏಕೆಂದರೆ ಇವಕ್ಕೆ ಯಾರೂ ರಸೀದಿ ಕೊಡುವುದಿಲ್ಲ. ಎರಡನ್ನೂ ಬಿಟ್ಟರೆ ಸ್ಥಿರ ಖರ್ಚು 34,000ಕ್ಕೆ ಇಳಿದು, 57 ಜನ ಸಾಕೆಂದು ಹಾಳೆ ಹೇಳುತ್ತದೆ. ಸವಕಳಿಯನ್ನು ಸೇರಿಸಿದರೆ 74. ಕೂಲಿಯನ್ನೂ ಸೇರಿಸಿದರೆ 100. 57ಕ್ಕೂ 100ಕ್ಕೂ ನಡುವೆಯೇ ಅನೇಕರ ಬಂಡವಾಳ ಕರಗುವುದು.

ಸವಕಳಿ ಎಂದರೇನು? ಆರು ಲಕ್ಷ ರೂಪಾಯಿಯ ಯಂತ್ರಗಳು ಐದು ವರ್ಷ ಬಾಳುತ್ತವೆಂದು ಇಟ್ಟುಕೊಂಡರೆ, 60 ತಿಂಗಳಿಗೆ ಹಂಚಿದಾಗ ತಿಂಗಳಿಗೆ 10,000 ಆಗುತ್ತದೆ. ಇದನ್ನು ಎತ್ತಿಡದಿದ್ದರೆ ಆರನೆಯ ವರ್ಷ ಹಗ್ಗ ಹರಿದ ಯಂತ್ರಗಳು ಮಾತ್ರ ಉಳಿಯುತ್ತವೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇತ್ತು. ಆ ದರದಲ್ಲಿ ಆರು ಲಕ್ಷವೆಂದರೆ ಸುಮಾರು 50 ಕ್ವಿಂಟಲ್ ಕೊಬ್ಬರಿ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾದು ಒಣಗಿಸಿದ ಮಾಲು ಅದು.

ಮಾಲೀಕನ ಕೂಲಿಯ ಮಾತು ಇನ್ನೂ ಮುಖ್ಯ. ಮಗ ಬೆಳಗ್ಗೆ ಐದಕ್ಕೆ ಜಿಮ್ ಬಾಗಿಲು ತೆಗೆದು ರಾತ್ರಿ ಒಂಬತ್ತಕ್ಕೆ ಮುಚ್ಚುವುದಾದರೆ ಅವನು ನೋಡುತ್ತಿದ್ದ ತೋಟದ ಕೆಲಸಕ್ಕೆ ಆಳು ಇಡಬೇಕು. ಆ ಕೂಲಿಯನ್ನು ತೋಟ ಕೊಡುತ್ತದೆ, ಆದರೆ ಖರ್ಚು ಜಿಮ್‌ನದು. ಇದನ್ನು ಹಾಳೆಗೆ ಹಾಕದಿದ್ದರೆ ಜಿಮ್ ಲಾಭದಲ್ಲಿರುವಂತೆಯೂ ತೋಟ ಸೋಲುತ್ತಿರುವಂತೆಯೂ ಕಾಣುತ್ತದೆ. ನಿಜದಲ್ಲಿ ತೋಟವೇ ಜಿಮ್ಮನ್ನು ಸಾಕುತ್ತಿರುತ್ತದೆ.

ಶುಲ್ಕ ಇಳಿಸುವ ಮುನ್ನ

ಜನ ಬರಲಿ ಎಂದು ಶುಲ್ಕವನ್ನು 600ಕ್ಕೆ ಇಳಿಸಿದರೇನಾಗುತ್ತದೆ? ಬಿ1ರಲ್ಲಿ 600 ಬರೆಯಿರಿ. ಉತ್ತರ 120. ನೂರು ರೂಪಾಯಿ ಬಿಟ್ಟುಕೊಟ್ಟಿದ್ದಕ್ಕೆ 20 ಜನ ಹೆಚ್ಚಿಗೆ ಬೇಕು. ಶುಲ್ಕವನ್ನು 800 ಮಾಡಿದರೆ 86 ಜನ ಸಾಕು. ಆದರೆ ಆ ದರಕ್ಕೆ ಅಷ್ಟು ಜನ ಬರುತ್ತಾರೆಯೇ ಎಂಬುದನ್ನು ಹಾಳೆ ಹೇಳಲಾರದು. ಅದನ್ನು ಊರಿನಲ್ಲಿ ತಿರುಗಿ ಕೇಳಿಯೇ ತಿಳಿಯಬೇಕು.

ವರ್ಷದ ಶುಲ್ಕವನ್ನು ಮೊದಲೇ ಪಡೆಯುವುದರಲ್ಲಿಯೂ ಎಚ್ಚರ ಬೇಕು. 40 ಜನ ವರ್ಷಕ್ಕೆ 6,000ದಂತೆ ಕೊಟ್ಟರೆ ಒಮ್ಮೆಗೇ 2,40,000 ಕೈಗೆ ಬರುತ್ತದೆ. ಅದು ಆ ತಿಂಗಳ ಆದಾಯವಲ್ಲ. ಮಂಡಿಯಲ್ಲಿ ತಂದ ಮುಂಗಡ ಹೇಗೆ ಮುಂದಿನ ಕೊಬ್ಬರಿಯ ಹಣವೋ ಹಾಗೆ ಇದು ಮುಂದಿನ ಹನ್ನೆರಡು ತಿಂಗಳ ಹಣ. ತಲೆಗೆ ತಿಂಗಳಿಗೆ 500 ಮಾತ್ರ, ಖರ್ಚು ಕಳೆದು ಉಳಿಯುವುದು 400. ಉಳಿದ 60 ಜನ 700ರಂತೆ ಕೊಟ್ಟರೂ ಒಟ್ಟು ಉಳಿಕೆ 52,000. ಪಟ್ಟಿಯಲ್ಲಿ ನೂರು ಹೆಸರಿದ್ದರೂ ತಿಂಗಳಿಗೆ 8,000 ಕೊರತೆ.

ತೆಳು ತಿಂಗಳುಗಳು

ಮದುವೆ, ಜಾತ್ರೆ, ಪರೀಕ್ಷೆ, ಅಡಿಕೆ ಕೊಯ್ಲು ಬಂದಾಗ ಹಾಜರಿ ಇಳಿಯುತ್ತದೆ. ಆರು ತಿಂಗಳು 115 ಜನ, ಆರು ತಿಂಗಳು 80 ಜನ ಎಂದಿಟ್ಟುಕೊಳ್ಳಿ. ತುಂಬಿದ ತಿಂಗಳಲ್ಲಿ 9,000ದಂತೆ 54,000 ಲಾಭ. ತೆಳು ತಿಂಗಳಲ್ಲಿ 12,000ದಂತೆ 72,000 ನಷ್ಟ. ವರ್ಷದ ಕೊನೆಗೆ 18,000 ಕೊರತೆ. ಆದುದರಿಂದ ಹನ್ನೆರಡು ತಿಂಗಳಿಗೆ ಹನ್ನೆರಡು ಸಾಲು ಬರೆದು, ತುಂಬಿದ ತಿಂಗಳ ಹಣವನ್ನು ತೆಳು ತಿಂಗಳಿಗೆ ಎತ್ತಿಡಬೇಕು. ಮೊದಲ ತಿಂಗಳ ನೂಕುನುಗ್ಗಲು ನೋಡಿ ಇನ್ನೊಂದು ಯಂತ್ರಕ್ಕೆ ಮುಂಗಡ ಕೊಡುವುದು ಸಲ್ಲದು.

ತೆರಿಗೆಯ ವಿಷಯ: 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ಜಿ.ಎಸ್.ಟಿ. ಶೇಕಡಾ 18ರಿಂದ 5ಕ್ಕೆ ಇಳಿದಿದೆ. ವರ್ಷದ ವಹಿವಾಟು 20 ಲಕ್ಷ ಮೀರದ ಸಣ್ಣ ಸೇವಾ ಉದ್ಯೋಗಕ್ಕೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ನಮ್ಮ ಉದಾಹರಣೆಯ ನೂರು ಜನರ ವಹಿವಾಟು 8,40,000. ಅದೇ ಹೆಸರಿನಲ್ಲಿ ಬೇರೆ ವ್ಯಾಪಾರವೂ ಇದ್ದರೆ ಲೆಕ್ಕಪರಿಶೋಧಕರನ್ನು ಕೇಳಿ ಮುಂದುವರಿಯಿರಿ.

ತೀರ್ಮಾನಕ್ಕೆ ಮುನ್ನ

ಕೊನೆಯದಾಗಿ, ಸರಿದೂಗುವ ಸಂಖ್ಯೆಯನ್ನು ಎರಡು ಸಂಖ್ಯೆಗಳ ಪಕ್ಕದಲ್ಲಿಡಿ. ಒಂದು, ಸಂಜೆ ಆರರಿಂದ ಎಂಟರವರೆಗೆ ಆ ಕಟ್ಟಡದಲ್ಲಿ ಎಷ್ಟು ಜನ ಹಿಡಿಸುತ್ತಾರೆ? ಎರಡು, ಸುತ್ತಿನ ಹಳ್ಳಿಗಳಲ್ಲಿ ಹಣ ಕೊಟ್ಟು ಬರುತ್ತೇನೆ ಎಂದವರು ಎಷ್ಟು? ಬರುತ್ತೇನೆ ಎಂದವರಲ್ಲಿ ಅರ್ಧ ಜನರನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ. ಇವೆರಡೂ ನೂರಕ್ಕಿಂತ ಮೇಲಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಯಾವುದಾದರೂ ಒಂದು ಕೆಳಗಿದ್ದರೆ ಕಡಿಮೆ ಬಾಡಿಗೆಯ ಜಾಗ, ಹಳೆಯ ಯಂತ್ರಗಳು ಸಿಗುವುವೇ ನೋಡಿ, ಹಾಳೆಯಲ್ಲಿ ಮತ್ತೆ ಅಂಕಿ ಹಾಕಿ. ಅಲ್ಲಿಯವರೆಗೆ ತೋಟದ ಪತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿ.

ಅಭ್ಯಾಸ

1. ಬಾಡಿಗೆ 15,000 ಆದರೆ ಎಷ್ಟು ಸದಸ್ಯರು ಬೇಕು? (ಉತ್ತರ: 105)
2. ಸಾಲದ ಬಡ್ಡಿ ತಿಂಗಳಿಗೆ 4,000 ಸೇರಿದರೆ? (ಉತ್ತರ: 107)
3. ಹಳೆಯ ಯಂತ್ರ ಕೊಂಡು ಸವಕಳಿ 4,000ಕ್ಕೆ ಇಳಿದರೆ? (ಉತ್ತರ: 90)