ನರ್ಸ್ ಎಂದು ಹೇಳಿಕೊಳ್ಳಲು ಹಿಂಜರಿಕೆ ಏಕೆ?

ಪ್ರಶ್ನೆ: ಮೇಡಂ, ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿದ್ದೇನೆ. ಕೆಲಸ ಇಷ್ಟ. ಆದರೆ ಮದುವೆ ಮಾತುಕತೆಯಲ್ಲಿ ಅಮ್ಮ ‘ಮಗಳು ಆಸ್ಪತ್ರೇಲಿದ್ದಾಳೆ’ ಎಂದು ಮಾತು ಮುಗಿಸುತ್ತಾರೆ. ನೈಟ್ ಡ್ಯೂಟಿ ಎಂದ ಕೂಡಲೇ ಗಂಡಿನ ಕಡೆಯವರ ಮುಖ ಬದಲಾಗುತ್ತದೆ. ಈಗೀಗ ನರ್ಸ್ ಎಂದು ಹೇಳಿಕೊಳ್ಳಲು ನನಗೂ ಸಂಕೋಚ. ನಮ್ಮ ವೃತ್ತಿಗೆ ಮರ್ಯಾದೆ ಇಲ್ಲವೇ?
– ಓದುಗರು, ಸೋಮವಾರಪೇಟೆ

ಉತ್ತರ: ಊರವರ ಮಾತಿಗಿಂತ ನಿಮ್ಮ ಸಂಕೋಚವೇ ನನ್ನನ್ನು ಹೆಚ್ಚು ನೋಯಿಸಿತು. ‘ಡಾಕ್ಟರ್ ಹೇಳಿದ್ದು ಮಾಡೋದಷ್ಟೇ ನಮ್ಮ ಕೆಲಸ’ ಎಂದು ನರ್ಸ್‌ಗಳೇ ಹೇಳುವುದನ್ನು ನಾನು ಬಹಳ ಕೇಳಿದ್ದೇನೆ. ಅದು ಶುದ್ಧ ಸುಳ್ಳು. ಡಾಕ್ಟರ್ ರೌಂಡ್ಸ್ ಮುಗಿಸಿ ಹೋದ ಮೇಲೆ, ನಡುರಾತ್ರಿ ರೋಗಿಯ ಉಸಿರು ಚುರುಕಾದದ್ದನ್ನು, ಮೂತ್ರ ಕಡಿಮೆಯಾದದ್ದನ್ನು, ಬಾಣಂತಿಯ ರಕ್ತಸ್ರಾವ ನಿಲ್ಲದಿರುವುದನ್ನು ಮೊದಲು ಗುರುತಿಸುವವರು ನೀವು. ಬಿ.ಪಿ. ಕುಸಿಯುವ ಮುನ್ನವೇ ಎಷ್ಟೋ ಸಲ ನಾಡಿ, ಉಸಿರು ಏರಿರುತ್ತವೆ. ಅದನ್ನು ಗಮನಿಸಿ ಯಾವ ಗಳಿಗೆಯಲ್ಲಿ ಡಾಕ್ಟರನ್ನು ಎಬ್ಬಿಸಬೇಕೆಂದು ತೀರ್ಮಾನಿಸಲು ವಿದ್ಯೆ ಬೇಕು, ಧೈರ್ಯವೂ ಬೇಕು. ನೈಟ್ ಡ್ಯೂಟಿಯಲ್ಲಿ ಏನು ಮಾಡುತ್ತೀರಿ ಎಂದು ಅಮ್ಮನಿಗೆ ಹೀಗೆ ಬಿಡಿಸಿ ಹೇಳಿ.

ಹೊರಗಿನ ಮರ್ಯಾದೆಗೆ ಸಂಬಳದ ನಂಟು ದೊಡ್ಡದು. ಸರ್ಕಾರಿ ಆಸ್ಪತ್ರೆಯಲ್ಲೂ ರಾತ್ರಿ ಪಾಳಿ ಇದೆ. ಆದರೂ ಕಾಯಂ ಆದ ನರ್ಸ್‌ಗೆ ಸಂಬಂಧ ಹುಡುಕಿಕೊಂಡು ಬರುತ್ತದೆ! 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆ ಮೀರಿದಲ್ಲಿ ಸರ್ಕಾರಿ ಸಂಬಳಕ್ಕೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ನಿಮ್ಮ ಕೊಡಗಿನ ಗಡಿಯಾಚೆ ಕೇರಳದಲ್ಲಿ ನರ್ಸ್‌ಗಳು ಒಟ್ಟಾಗಿ ಮುಷ್ಕರ ಹೂಡಿದರು. 2018ರಲ್ಲಿ ಅಲ್ಲಿನ ಸರ್ಕಾರ 20,000 ರೂಪಾಯಿ ಕನಿಷ್ಠ ವೇತನಕ್ಕೆ ಅಧಿಸೂಚನೆ ಹೊರಡಿಸಿತು. ಕೋವಿಡ್ ಕಾಲದಲ್ಲಿ ನಿಮಗಾಗಿ ಚಪ್ಪಾಳೆ ತಟ್ಟಿದವರು ಈ ವಿಷಯದಲ್ಲೂ ದನಿ ಎತ್ತಬೇಕು. ನೀವೂ ಸಹೋದ್ಯೋಗಿಗಳ ಜೊತೆ ಸೇರಿ ಕೇಳಿ.

ಪ್ರಶ್ನೆ: ಮಗ ಬಿ.ಎಸ್ಸಿ. ನರ್ಸಿಂಗ್ ಸೇರುತ್ತೇನೆ ಎನ್ನುತ್ತಾನೆ. ‘ಅದು ಹೆಂಗಸರ ಕೆಲಸ’ ಎಂದು ನೆಂಟರು ನಗುತ್ತಾರೆ. ಸೇರಿಸಲೇ?
– ಕಾಫಿ ಬೆಳೆಗಾರರು, ಶನಿವಾರಸಂತೆ

ಉತ್ತರ: ಧಾರಾಳವಾಗಿ ಸೇರಿಸಿ. ತುರ್ತು ಚಿಕಿತ್ಸೆ, ಐಸಿಯು, ಆಪರೇಷನ್ ಥಿಯೇಟರ್‌ಗಳಲ್ಲಿ ಗಂಡಸರೂ ನರ್ಸ್‌ಗಳಾಗಿ ದುಡಿಯುತ್ತಿದ್ದಾರೆ. ನೆಂಟರ ನಗುವಿಗಿಂತ ಕಾಲೇಜಿನ ಬಗ್ಗೆ ತಲೆ ಕೆಡಿಸಿಕೊಳ್ಳಿ. ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ, ಮಕ್ಕಳು ಕಲಿಯುವ ಆಸ್ಪತ್ರೆಯಲ್ಲಿ ನಿಜಕ್ಕೂ ರೋಗಿಗಳಿದ್ದಾರೆಯೇ ಎಂದು ಸ್ವತಃ ಹೋಗಿ ನೋಡಿ. ಖಾಲಿ ವಾರ್ಡಿನಲ್ಲಿ ನಾಲ್ಕು ವರ್ಷ ಓದಿದರೆ ಕೈಗೆ ಕೆಲಸ ಹತ್ತುವುದಿಲ್ಲ.